ಮೂರು ಗಾಲಿಯ ಗಾಡಿ ಈಗ ಯಾರ ಮನೆಯಲ್ಲಿದೆ?

ಮಕ್ಕಳಿಗೆ ಏನು ಕೊಡಬೇಕು ಅನ್ನುವುದು ಹಿಂದೆ ನಮ್ಮ ಕಡೆ ಯಾರೂ ತಲೆ ಕೆಡಿಸಿಕೊಳ್ಳುವ ವಿಷಯವಾಗಿರಲಿಲ್ಲ. ಹಸಿದರೆ ಮುದ್ದೆ, ಅತ್ತರೆ ಬೆಲ್ಲ, ಹಟ ಹಿಡಿದರೆ ಬೆನ್ನಿಗೊಂದು. ಯುಗಾದಿಗೆ ಒಂದು ಜೊತೆ ಬಟ್ಟೆ, ಅದೂ ಎರಡು ವರ್ಷ ಮುಂದಿನ ಅಳತೆಗೆ ಹೊಲಿಸಿದ್ದು. ಜಾತ್ರೆಗೆ ಹೋದರೆ ಒಂದು ಪೀಪಿ. ಅಲ್ಲಿಗೆ ದೊಡ್ಡವರ ಜವಾಬ್ದಾರಿ ಮುಗಿಯಿತು. ಈಗ ರಜೆ ಬಂತೆಂದರೆ ಮಕ್ಕಳಿಗೆ ಬಿಡುವು, ದೊಡ್ಡವರಿಗೆ ಪರೀಕ್ಷೆ.

ಪ್ರಶ್ನೆಪತ್ರಿಕೆ ಮೊದಲೇ ಬರುವುದೊಂದೇ ಸಮಾಧಾನ. ಅಣ್ಣನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಡಿಸೆಂಬರಿನಲ್ಲಿ ಅಲ್ಲಿ ಕ್ರಿಸ್‌ಮಸ್ ರಜೆ, ಇಲ್ಲಿ ಅವರೆಕಾಯಿ ಕಾಲ. ಎರಡೂ ಕೂಡಿ ಬಂದಾಗ ಸಂಸಾರ ಸಮೇತ ನಮ್ಮೂರು ಮಾರ್ಕೋನಹಳ್ಳಿಗೆ ಬರುತ್ತಾನೆ. ಬರುವ ಮುಂಚೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಅವನದೊಂದು ವಿನಂತಿ ಬರುತ್ತದೆ. ಮಕ್ಕಳಿಗೆ ಉಡುಗೊರೆ ಕೊಡಲೇಬೇಕೆಂದಿದ್ದರೆ ಪ್ಲಾಸ್ಟಿಕ್ ಬೇಡ, ಬ್ಯಾಟರಿಯದ್ದು ಬೇಡ, ಸದ್ದು ಮಾಡುವುದು ಬೇಡ, ಸಿಹಿ ಬೇಡ. ಒಂದು ಮಗುವಿಗೆ ಒಂದೇ ಸಾಕು, ಅದು ಬಹುಕಾಲ ಬಾಳಬೇಕು, ಸೂಟ್‌ಕೇಸಿನಲ್ಲಿ ಜಾಗ ಹಿಡಿಯಬಾರದು. ಇದಕ್ಕೆ ಅವರಲ್ಲಿ ಮಿನಿಮಲಿಸಂ ಅನ್ನುತ್ತಾರಂತೆ. ಓದಿ ಹೇಳಿದಾಗ ನನ್ನ ಹೆಂಡತಿ ಅವರೆಕಾಯಿ ಸುಲಿಯುತ್ತಲೇ, "ಹಂಗಾದ್ರೆ ಹೊಳೆಯಿಂದ ಒಂದು ಗುಂಡುಕಲ್ಲು ತಂದು ಕೊಟ್ಟು ಕಳ್ಸಿ. ಎಲ್ಲಾದಕ್ಕೂ ಸರಿಹೋಗುತ್ತೆ" ಅಂದಳು.

ಅವನ ಕಷ್ಟ ನನಗೆ ಅರ್ಥವಾಗುವುದಿಲ್ಲವೆಂದಲ್ಲ. ಕಳೆದ ಸಲ ಹೊರಟಾಗ ಅವನ ಪೆಟ್ಟಿಗೆಗಳನ್ನು ಅಕ್ಕಿ ತೂಗುವ ತಕ್ಕಡಿಯಲ್ಲಿ ತೂಗಿದವನು ನಾನೇ. ಚಟ್ನಿಪುಡಿ ಒಂದು ಕಡೆ, ಮಾತಾಡುವ ಕರಡಿ ಒಂದು ಕಡೆ. ಗೆದ್ದದ್ದು ಚಟ್ನಿಪುಡಿ. ಕರಡಿ ನಮ್ಮ ಅಟ್ಟ ಸೇರಿತು, ಬ್ಯಾಟರಿ ಸಾಯುವವರೆಗೂ ನಡುರಾತ್ರಿ ಇಲಿ ತಗುಲಿದಾಗಲೆಲ್ಲ ಇಂಗ್ಲಿಷಿನಲ್ಲಿ ಶುಭೋದಯ ಹೇಳುತ್ತಿತ್ತು. ಆದರೆ ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ಒಂದು ಬುಗುರಿಯಲ್ಲೇ ಸುಖವಾಗಿದ್ದೆವು ಎಂದು ನಮ್ಮ ವಯಸ್ಸಿನವರು ವ್ರತ ಮಾಡಿದವರಂತೆ ಹೇಳಿಕೊಳ್ಳುವುದು ನನಗೆ ಹಿಡಿಸುವುದಿಲ್ಲ. ಒಂದೇ ಬುಗುರಿ ಇತ್ತು, ಏಕೆಂದರೆ ಎರಡನೆಯದಕ್ಕೆ ಕಾಸಿರಲಿಲ್ಲ. ಇದ್ದಿದ್ದರೆ ನಾವೂ ಎರಡು ಕೊಳ್ಳುತ್ತಿದ್ದೆವು, ಮೂರನೆಯದಕ್ಕೆ ಅಳುತ್ತಿದ್ದೆವು.

ಹಿಂದಿನದೆಲ್ಲ ಬಾಳಿಕೆ ಬರುತ್ತಿತ್ತು ಅನ್ನುವುದೂ ಅರ್ಧ ಸುಳ್ಳೇ. ಜಿ.ಪಿ. ರಾಜರತ್ನಂ ಅವರ 'ತುತ್ತೂರಿ' ಪದ್ಯವನ್ನು ಕಲಿಯದ ಕನ್ನಡದ ಮಗುವಿಲ್ಲ. ಮೇಷ್ಟರು ಅದನ್ನು ಜಂಬ ಪಡಬಾರದು ಅನ್ನುವ ಪಾಠವಾಗಿ ಹೇಳಿಕೊಟ್ಟರು. ನನಗೆ ಅದು ಗ್ರಾಹಕರ ವೇದಿಕೆಗೆ ಹೋಗಬೇಕಾಗಿದ್ದ ಪ್ರಕರಣವಾಗಿ ಕಾಣುತ್ತದೆ. ಕೊಂಡ ತುತ್ತೂರಿ ಒಂದು ಸಲ ನೀರಿಗೆ ಬಿದ್ದಿದ್ದಕ್ಕೇ ಗಂಟಲು ಕಟ್ಟಿ, ಬಣ್ಣ ಬಿಟ್ಟು ಹಾಳಾದರೆ ತಪ್ಪು ಹುಡುಗನದೋ, ಮಾಡಿದವನದೋ? ಯಡಿಯೂರು ಸಿದ್ಧಲಿಂಗೇಶ್ವರನ ಜಾತ್ರೆಯಲ್ಲಿ ನಾವು ಕೊಂಡದ್ದೆಲ್ಲ ಅದೇ ಜಾತಿಯದು. ಗಿರಗಿಟ್ಟಲೆ ತೇರಿನ ಬೀದಿ ದಾಟುವ ಹೊತ್ತಿಗೆ ಕಡ್ಡಿಯಾಗಿರುತ್ತಿತ್ತು, ಬಲೂನಿನ ಪೀಪಿ ಬಸ್‌ಸ್ಟ್ಯಾಂಡಿನಲ್ಲಿ ಕೊನೆಯುಸಿರೆಳೆಯುತ್ತಿತ್ತು. ಊರು ಮುಟ್ಟುವವರೆಗೆ ಉಳಿಯುತ್ತಿದ್ದದ್ದು ಕಡ್ಲೆಪುರಿ, ಬೆಂಡು ಬತ್ತಾಸು. ಅವೂ ನಮ್ಮ ಕೈಯಲ್ಲಿಲ್ಲ, ಅವ್ವನ ಸೆರಗಿನಲ್ಲಿ ಗಂಟು ಹಾಕಿದ್ದರಿಂದ.

ಜಾತ್ರೆಯ ಸರಕಿನಲ್ಲಿ ಒಂದಕ್ಕೆ ಮಾತ್ರ ನಾನು ಇವತ್ತಿಗೂ ತಲೆಬಾಗುತ್ತೇನೆ. ಎಣ್ಣೆದೀಪ ಇಟ್ಟರೆ ಟಪಟಪ ಅನ್ನುತ್ತ ಹಂಡೆಯ ನೀರಿನಲ್ಲಿ ಸುತ್ತುವ ತಗಡಿನ ದೋಣಿ. ಒಳಗೆ ಚಕ್ರವಿಲ್ಲ, ಸ್ಪ್ರಿಂಗಿಲ್ಲ. ದೀಪದ ಬಿಸಿಗೆ ಪುಟ್ಟ ತಗಡಿನ ಡಬ್ಬಿಯಲ್ಲಿ ಹಬೆ ಎದ್ದು ಹಿಂದಿನ ಕೊಳವೆಯಿಂದ ನೀರನ್ನು ದಬ್ಬುತ್ತದೆ. ಹಬೆ ತಣಿದೊಡನೆ ಅದೇ ಕೊಳವೆಯಲ್ಲಿ ನೀರು ಒಳಗೆ ಬರುತ್ತದೆ, ಮತ್ತೆ ಕಾಯುತ್ತದೆ, ಮತ್ತೆ ದಬ್ಬುತ್ತದೆ. ಥಾಮಸ್ ಪಿಯೊ ಎಂಬಾತ 1891ರಲ್ಲಿ ಇಂಗ್ಲೆಂಡಿನಲ್ಲಿ ಇಂಥದ್ದಕ್ಕೆ ಪೇಟೆಂಟ್ ಪಡೆದಿದ್ದನಂತೆ. ಅದು ಸುತ್ತಾಡಿ ಸುತ್ತಾಡಿ ನಮ್ಮ ಕಡೆಯ ಜಾತ್ರೆಗಳಿಗೂ ಬಂದಿತು. ಬೆಸುಗೆ ಬಿಟ್ಟರೆ ದೋಣಿಯೂ ಮುಳುಗುತ್ತದೆ. ಆದರೆ ಮುಳುಗಿದ ಮೇಲೂ ಯಾಕೆ ಓಡುತ್ತಿತ್ತು ಅನ್ನುವುದು ತಲೆಯಲ್ಲಿ ಟಪಟಪ ಅನ್ನುತ್ತಲೇ ಇರುತ್ತದೆ.

ಬಾಳಿಕೆಯ ಮಾತಿಗೆ ಬಂದರೆ ನಮ್ಮ ಮನೆಯಲ್ಲಿ ಅದರ ಪರಮಾವಧಿ ಒಂದು ಜೋಡಿ ಇದೆ. ನನ್ನ ಹೆಂಡತಿ ಗುಬ್ಬಿಯ ತವರಿನಿಂದ ತಂದ ಪಟ್ಟದ ಗೊಂಬೆಗಳು. ರಕ್ತಚಂದನದ ರಾಜ, ರಾಣಿ. ಮದುವೆಯಲ್ಲಿ ಹೆಣ್ಣುಮಗಳಿಗೆ ಕೊಟ್ಟು ಕಳಿಸುವುದು, ಅವಳು ಅವಳ ಮಗಳಿಗೆ ದಾಟಿಸುವುದು, ಹೀಗೆ ಹಳೇ ಮೈಸೂರಿನ ಮನೆಗಳಲ್ಲಿ ನಡೆದು ಬಂದದ್ದು. ನಮ್ಮ ರಾಜ-ರಾಣಿ ವರ್ಷವೆಲ್ಲ ಹಳೇ ಪಂಚೆ ಸುತ್ತಿಕೊಂಡು ಟ್ರಂಕಿನಲ್ಲಿ ಮಲಗಿರುತ್ತಾರೆ. ನವರಾತ್ರಿಗೆ ಎದ್ದು, ಜರಿ ಉಟ್ಟು, ಮೆಟ್ಟಿಲಿನ ಮೇಲ್ತುದಿಯಲ್ಲಿ ದರ್ಬಾರು. ಕೆಳಗಿನ ಮೆಟ್ಟಿಲಲ್ಲಿ ಬೇಳೆ-ಬೆಲ್ಲದ ಅಂಗಡಿ ಇಟ್ಟ ಸೆಟ್ಟಿ ದಂಪತಿ. ಇಷ್ಟು ತಲೆಮಾರು ಅವು ಉಳಿದದ್ದು ಹೇಗೆ? ಮಕ್ಕಳಿಗೆ ಮುಟ್ಟಲು ಬಿಡದೆ. ಒಂದು ದಸರಾ ರಜೆಯಲ್ಲಿ ಬೆಂಗಳೂರಿನಿಂದ ಬಂದ ನಮ್ಮ ಮೊಮ್ಮಗಳು ರಾಜನನ್ನು ಎತ್ತಿಕೊಂಡು ಹೋಗಿ ದುಪ್ಪಟಿಯೊಳಗೆ ಮಲಗಿಸಿಕೊಂಡಿದ್ದಳು. ಸಿಂಹಾಸನ ಖಾಲಿ ಕಂಡು ನಮ್ಮ ಮನೆಯಲ್ಲಿ ಎದ್ದ ಗಲಭೆಯನ್ನು ಏನೆಂದು ಹೇಳಲಿ! "ರಾಜಂಗೆ ನಿದ್ದೆ ಬಂದಿತ್ತು ಅಜ್ಜಿ" ಅಂದಳು ಕೂಸು. ಅಷ್ಟು ವರ್ಷದಲ್ಲಿ ಆ ರಾಜನ ಯೋಗಕ್ಷೇಮ ವಿಚಾರಿಸಿದವಳು ಅವಳೊಬ್ಬಳೇ ಇರಬೇಕು.

ಗೊಂಬೆ ಕೂರಿಸುವವರಲ್ಲಿ ವರ್ಷಕ್ಕೊಂದು ಹೊಸ ಗೊಂಬೆ ಸೇರಿಸುವ ಪದ್ಧತಿಯಿದೆ. ಒಂದೇ, ಅದೂ ವರ್ಷಕ್ಕೆ. ನ್ಯೂಜೆರ್ಸಿಯವನ ವಿನಂತಿಗೆ ಇದಕ್ಕಿಂತ ಸರಿಯಾದದ್ದು ಇನ್ನೇನು ಬೇಕು ಎಂದುಕೊಂಡೆ. ಆ ಒಂದನ್ನು ತರಲು ನಾವು ಸಾಮಾನ್ಯವಾಗಿ ಚನ್ನಪಟ್ಟಣಕ್ಕೆ ಹೋಗುತ್ತೇವೆ, ಹುಲಿಯೂರುದುರ್ಗದ ಮೇಲೆ. ಅಲ್ಲಿ ಅಂಗಡಿಗಿಂತ ನನಗೆ ಹಿತವಾದದ್ದು ಲೇತಿನ ಮುಂದೆ ನಿಂತು ನೋಡುವುದು. ಹಾಲೆ ಮರದ ತುಂಡು ಗಿರ್ರನೆ ತಿರುಗುತ್ತಿರುತ್ತದೆ. ಉಳಿ ಸೋಕಿದಲ್ಲಿ ಸೊಂಟ ಬರುತ್ತದೆ, ಕುತ್ತಿಗೆ ಬರುತ್ತದೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಮರವನ್ನು ಅಪ್ಪಿಕೊಳ್ಳುತ್ತದೆ. ಕೊನೆಗೆ ಒಣಗಿದ ಗರಿಯೊಂದನ್ನು ಒತ್ತಿ ಉಜ್ಜಿದರೆ ಹೊಳಪು. ಕುಂಚವಿಲ್ಲ, ಪೇಂಟಿಲ್ಲ. ಮಗು ಬಾಯಿಗಿಟ್ಟರೂ ಹೆದರಬೇಕಿಲ್ಲ ಅನ್ನುವ ಹೆಸರು ಈ ಗೊಂಬೆಗಳಿಗೆ ಬಂದದ್ದು ಇದರಿಂದ. ಬಾಯಿಗಿಡದ ಮಗು ಯಾವುದಿದೆ?

ಅರಮನೆ, ಟಿಪ್ಪು, ಪರ್ಷಿಯಾದ ಕುಶಲಕರ್ಮಿಗಳು ಎಂದು ಚನ್ನಪಟ್ಟಣದ ಬಗ್ಗೆ ಕಥೆಗಳು ಬೇಕಾದಷ್ಟಿವೆ. ನಾನು ಅಲ್ಲಿ ಕೇಳಿ ಮೆಚ್ಚಿದ್ದು ಬೇರೆಯದು. 2005-06ರ ಸಾಲಿನಲ್ಲಿ ಇವಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಬಂತು. ಆಮೇಲೆ 2021ರ ಜನವರಿ 1ರಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆಲ್ಲ ಐಎಸ್‌ಐ ಗುರುತು ಇರಲೇಬೇಕೆಂಬ ಆದೇಶ ಜಾರಿಯಾಯಿತು. ನೋಂದಾಯಿತ ಕುಶಲಕರ್ಮಿಗಳು ಮಾಡಿದ್ದಕ್ಕೆ, ಭೌಗೋಳಿಕ ಸೂಚಕ ಇರುವುದಕ್ಕೆ ಮಾತ್ರ ವಿನಾಯಿತಿ ಕೊಟ್ಟರು. ಸರ್ಕಾರಕ್ಕೂ ಒಮ್ಮೊಮ್ಮೆ ಅಜ್ಜಿಯ ಬುದ್ಧಿ ಬರುತ್ತದೆ: ಅಂಗಡಿಯದಕ್ಕೆ ಚೀಟಿ ತೋರಿಸು, ಮನೆಯವರು ಮಾಡಿದ್ದಕ್ಕೆ ಬೇಡ.

ಆದರೆ ಮರದ್ದೆಲ್ಲ ಪುಣ್ಯ, ಪ್ಲಾಸ್ಟಿಕ್ ಎಲ್ಲ ಪಾಪ ಎಂದು ತೀರ್ಪು ಕೊಡಲೂ ನನಗೆ ಧೈರ್ಯವಿಲ್ಲ. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನ ಬಡಗಿಯೊಬ್ಬ 1932ರಲ್ಲಿ ಮರದ ಆಟಿಕೆ ಮಾಡಲು ಕೂತ. ಅದೇ ಲೆಗೋ ಕಂಪನಿಯಾಯಿತು. 1958ರಲ್ಲಿ ಪೇಟೆಂಟ್ ಮಾಡಿಸಿದ ಅವರ ಪ್ಲಾಸ್ಟಿಕ್ ಇಟ್ಟಿಗೆ ಇವತ್ತು ಅಂಗಡಿಯಿಂದ ತಂದ ಇಟ್ಟಿಗೆಗೂ ಸರಿಯಾಗಿ ಕೂರುತ್ತದೆ. ನಮ್ಮೂರಿನಲ್ಲಿ ಹೋದ ವರ್ಷ ತಂದ ನಲ್ಲಿಗೆ ಈ ವರ್ಷದ ವಾಷರ್ ಕೂರುವುದಿಲ್ಲ.

ಹಾಗೆ ನೋಡಿದರೆ ನ್ಯೂಜೆರ್ಸಿಯವನ ಮಗನಿಗೆ ನಾನು ಕೊಟ್ಟು ಗೆದ್ದ ಉಡುಗೊರೆಯೂ ಪ್ಲಾಸ್ಟಿಕ್ಕೇ. ಅದಕ್ಕೆ ಕಾರಣ ನಮ್ಮೂರ ಅಣೆಕಟ್ಟು. ದೇವರಾಯನದುರ್ಗದ ಕಡೆ ಹುಟ್ಟಿ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆ ಹಾದು ಬರುವ ಶಿಂಷೆಗೆ ಮೈಸೂರು ಅರಸರ ಕಾಲದಲ್ಲಿ ಇಲ್ಲಿ ಕಟ್ಟೆ ಹಾಕಿದರು. ಕಟ್ಟೆಗಿಂತ ಅದರ ಸೈಫನ್ ಹೆಸರುವಾಸಿ. ನೀರು ಒಂದು ಮಟ್ಟ ಮೀರಿತೋ, ಬಾಗಿಲೆತ್ತಲು ಮನುಷ್ಯರು ಬೇಕಿಲ್ಲ. ಒಳಗೆ ನುಗ್ಗಿದ ನೀರು ಗಾಳಿಯನ್ನು ಹೊರಗಟ್ಟಿ ತನ್ನನ್ನು ತಾನೇ ಎಳೆದುಕೊಂಡು ಭೋರ್ಗರೆಯುತ್ತದೆ. ಮಟ್ಟ ಇಳಿದು ಗಾಳಿ ಒಳಹೊಕ್ಕರೆ ತಾನೇ ನಿಲ್ಲುತ್ತದೆ. ಹೇಳದೆ ಕೇಳದೆ ಬರುವ ನೀರದು. 2025ರ ಅಕ್ಟೋಬರಿನಲ್ಲಿ ಇಲ್ಲಿ ನೀರಿನ ಸೆಳೆತಕ್ಕೆ ಸಿಕ್ಕಿ ಒಂದೇ ಕುಟುಂಬದವರು ಪ್ರಾಣ ಕಳೆದುಕೊಂಡರು. ಮಕ್ಕಳನ್ನು ಕಟ್ಟೆಯ ಕೆಳಗೆ ಕರೆದುಕೊಂಡು ಹೋಗುವ ಮಾತನ್ನು ಈಗ ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ.

ಆ ಹುಡುಗನಿಗೆ ಮಾತ್ರ ಸೈಫನ್ ಅಂದರೇನೆಂದು ತಿಳಿಯಲೇಬೇಕಿತ್ತು. ಆಗ ನೆನಪಾದದ್ದು ಗಾರೆ ಕೆಲಸದವರ ಲೆವೆಲ್ ಟ್ಯೂಬು. ಗೋಡೆಯ ಈ ತುದಿಗೂ ಆ ತುದಿಗೂ ಮಟ್ಟ ಸರಿಯಿದೆಯೇ ಎಂದು ಮೇಸ್ತ್ರಿ ನೀರು ತುಂಬಿಸಿ ನೋಡುವ ಪಾರದರ್ಶಕ ಕೊಳವೆ. ಕುಣಿಗಲ್ಲಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಒಂದು ಕಾಫಿಯ ಕಾಸು ಸಾಕು. ಬಚ್ಚಲ ಕಟ್ಟೆಯ ಮೇಲೆ ಒಂದು ಬಕೆಟ್ಟು, ಅಂಗಳದಲ್ಲಿ ಇನ್ನೊಂದು. ಟ್ಯೂಬನ್ನು ಪೂರಾ ನೀರಿನಲ್ಲಿ ಮುಳುಗಿಸಿ, ಒಂದು ತುದಿಗೆ ಹೆಬ್ಬೆಟ್ಟು ಒತ್ತಿ, ಬಕೆಟ್ಟಿನ ಅಂಚು ಹತ್ತಿಸಿ ಕೆಳಗೆ ಬಿಟ್ಟು ಹೆಬ್ಬೆಟ್ಟು ತೆಗೆದರೆ ನೀರು ಅಂಚು ಹತ್ತಿ ಇಳಿಯತೊಡಗಿತು.

"ತಾತಾ, ನೀರು ಮೇಲಕ್ಕೆ ಯಾಕೆ ಹತ್ತುತ್ತೆ?"

"ಕೆಳಗೆ ಹೋಗೋಕೆ ಕಣಪ್ಪ."

ಈ ಉತ್ತರ ಅವನಿಗೆ ಸಾಲಲಿಲ್ಲ. ಎಂಜಿನಿಯರ್ ಅಪ್ಪನನ್ನು ಕರೆದ. ಅವನು ಮೊದಲು ಟ್ಯೂಬು ಯಾವ ಪ್ಲಾಸ್ಟಿಕ್ಕಿನದೆಂದು ವಿಚಾರಿಸಿದ, ಆಮೇಲೆ ಪ್ಯಾಂಟು ಮಡಿಚಿಕೊಂಡು ಅಂಗಳಕ್ಕಿಳಿದ. ಬಕೆಟ್ಟನ್ನು ಮೇಲೆತ್ತಿದರೆ ಏನಾಗುತ್ತೆ, ಟ್ಯೂಬಿನಲ್ಲಿ ಗಾಳಿಗುಳ್ಳೆ ಸೇರಿದರೆ ಏನಾಗುತ್ತೆ, ಮೂರನೇ ಬಕೆಟ್ಟು ಇಟ್ಟರೆ ಏನಾಗುತ್ತೆ. ಅಪ್ಪ-ಮಗನಿಗೆ ಟ್ಯೂಬಿಗಾಗಿ ಜಗಳವಾಯಿತು. ತೊಂಡೆ ಬಳ್ಳಿಗೂ ನಿಂಬೆ ಗಿಡಕ್ಕೂ ಆ ರಜೆಯಲ್ಲಿ ಸಿಕ್ಕಷ್ಟು ನೀರು ಹೇಮಾವತಿ ನಾಲೆಯಿಂದಲೂ ಯಾರಿಗೂ ಸಿಕ್ಕಿರಲಾರದು. ಹೊರಡುವ ದಿನ ಹುಡುಗ ಟ್ಯೂಬನ್ನು ಸುರುಳಿ ಸುತ್ತಿ ಬ್ಯಾಗಿಗೆ ಹಾಕಿಕೊಂಡ. ಸೂಟ್‌ಕೇಸಿನ ಜಾಗದ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ.

ಅವನ ತಂಗಿಯಂಥ ಇನ್ನೊಬ್ಬಳು ನಮ್ಮ ಬೆಂಗಳೂರಿನ ಮೊಮ್ಮಗಳು, ರಾಜನನ್ನು ಮಲಗಿಸಿದವಳು. ಅವಳಿಗೆ ನೀರಾಟ ಸೇರದು. ಅವಳಿಗೆ ನನ್ನ ಹೆಂಡತಿ ತೆಂಗಿನ ಗರಿಯಲ್ಲಿ ಕೈಗಡಿಯಾರ ಮಾಡಿಕೊಟ್ಟಳು. ನಮ್ಮದು ತೆಂಗಿನ ಜಿಲ್ಲೆ. ಗರಿಗೆ ಬರವಿಲ್ಲ, ಪೀಪಿ, ಹಾವು, ಬುಟ್ಟಿ, ಕನ್ನಡಕ ಎಲ್ಲ ಅದರಲ್ಲೇ. ಈ ಗಡಿಯಾರ ಸಂಜೆಗೆ ಬಾಡುತ್ತದೆ, ಮಾರನೆಯ ದಿನ ಒಲೆಗೆ. ಬಾಳಿಕೆಯ ಪರೀಕ್ಷೆಯಲ್ಲಿ ಸೊನ್ನೆ ಅಂಕ. ಆದರೆ ಎರಡನೇ ದಿನದ ಗಡಿಯಾರವನ್ನು ಮಗುವೇ ಮಡಿಚಿದಳು, ಸೊಟ್ಟಗೆ. ಬೆಂಗಳೂರಿಗೆ ಹೋದ ಮೇಲೆ ಅಪಾರ್ಟ್‌ಮೆಂಟಿನ ಎದುರಿನ ತೆಂಗಿನ ಮರದಿಂದ ಬಿದ್ದ ಗರಿ ಎತ್ತಿಕೊಂಡು ಲಿಫ್ಟಿನಲ್ಲಿ ಸಿಕ್ಕವರ ಕೈಗೆಲ್ಲ ಕಟ್ಟುತ್ತಿದ್ದಾಳೆಂದು ಮಗಳು ಫೋನಿನಲ್ಲಿ ದೂರು ಹೇಳಿದಳು. ಇದನ್ನು ಬಾಳಿಕೆಯ ಖಾತೆಗೆ ಬರೆಯಬೇಕೋ ಬೇಡವೋ, ನ್ಯೂಜೆರ್ಸಿಯವನನ್ನೇ ಕೇಳಬೇಕು.

ತೆಂಗು ಅಂದಾಗ ನಮ್ಮ ಭಾವನವರ ಉಡುಗೊರೆಯನ್ನು ಹೇಳದಿದ್ದರೆ ಅವರು ಮುನಿಸಿಕೊಳ್ಳುತ್ತಾರೆ. ಅವರು ಯಾವ ಮಗುವಿಗೂ ಆಟಿಕೆ ಕೊಟ್ಟವರಲ್ಲ. ಮಗು ಊರಿಗೆ ಬಂದರೆ ತಿಪಟೂರು ಟಾಲ್ ತಳಿಯ ಒಂದು ಸಸಿ ತರಿಸಿ, ಮಗುವಿನ ಕೈಯಲ್ಲೇ ತೋಟದಲ್ಲಿ ನೆಡಿಸಿ, "ಇದು ನಿಂದು ಕಣವ್ವ" ಅನ್ನುತ್ತಾರೆ. ಆರೇಳು ವರ್ಷಕ್ಕೆ ಹೊಂಬಾಳೆ. ಆಮೇಲೆ ಅರವತ್ತು ವರ್ಷ ಬಿಟ್ಟೂ ಬಿಡದೆ ಕಾಯಿ. ಇದಕ್ಕಿಂತ ಬಾಳುವ ಉಡುಗೊರೆಯನ್ನು ಯಾರು ಕೊಟ್ಟಾರು? ಆದರೆ ತೋಟ ಅವರದು, ಮರ ಮಗುವಿನದು, ಕಾಯಿ ಇಳಿಸುವವರು ಬೇರೆಯವರು. ಇನ್ನು ಮೂವತ್ತು ವರ್ಷಕ್ಕೆ ಈ ಉಡುಗೊರೆಗಳೆಲ್ಲ ಕುಣಿಗಲ್ ಕೋರ್ಟಿನಲ್ಲಿ ಒಂದೊಂದಾಗಿ ಫಲ ಬಿಡಲಿವೆ ಎಂದು ನನಗೆ ಭಯ.

ಕಡಿಮೆ ಸಾಮಾನಿನ ಮಾತಿಗೆ ನನ್ನ ಮತ ಚೌಕಾಬಾರಕ್ಕೆ. ನಾಲ್ಕು ಕವಡೆ, ಅಷ್ಟೆ. ಮನೆ ಬರೆಯಲು ಒಂದು ಸೀಮೆಸುಣ್ಣ, ಕಾಯಿಗೆ ಹುಣಸೆಬೀಜ, ಒಡೆದ ಬಳೆ, ಕಾಫಿಬೀಜ, ಕೈಗೆ ಸಿಕ್ಕಿದ್ದು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಮತ್ತೊಮ್ಮೆ ಹಾಕುವ ಹಕ್ಕು. ನಮ್ಮವ್ವನ ಕವಡೆಗಳು ಅವಳ ಎಲೆಅಡಿಕೆ ಚೀಲದಲ್ಲೇ ಇರುತ್ತಿದ್ದವು, ಸುಣ್ಣದ ಡಬ್ಬಿಯ ಪಕ್ಕ. ಈಗ ಅವುಗಳಲ್ಲಿ ಎರಡು ನ್ಯೂಜೆರ್ಸಿಯಲ್ಲಿ, ಎರಡು ನನ್ನ ಹತ್ತಿರ. ನ್ಯಾಯವಾಗಿ ಪಾಲಾಗಲಿ ಎಂದು ಅಣ್ಣ ಹಂಚಿದ ಮೇಲೆ ಎರಡೂ ಮನೆಯಲ್ಲಿ ಆಟ ನಿಂತಿತು. ಹೋದ ವರ್ಷ ಯಡಿಯೂರಿನ ಅಂಗಡಿ ಬೀದಿಯಲ್ಲಿ ಹೊಸ ಕವಡೆ ಕೊಂಡು ಎರಡೂ ಕಡೆ ನಾಲ್ಕು ಮಾಡಿದೆವು. ಈಗ ಶನಿವಾರ ರಾತ್ರಿ ವಿಡಿಯೋ ಕಾಲಿನಲ್ಲಿ ಆಡುತ್ತಾರೆ. ಅಲ್ಲಿ ಬಿದ್ದದ್ದು ಚೌಕವೋ ಮೂರೋ ಎಂದು ಕ್ಯಾಮೆರಾ ಓರೆ ಮಾಡಿ ಮೋಸ ಮಾಡುವುದನ್ನು ಆ ಹುಡುಗ ತನ್ನಷ್ಟಕ್ಕೆ ತಾನೇ ಕಲಿತಿದ್ದಾನೆ. ರಕ್ತದಲ್ಲಿ ಬಂದದ್ದು.

ಇಷ್ಟೆಲ್ಲ ಹೇಳಿ ನಮ್ಮ ಕುಟುಂಬದ ನಿಜವಾದ ಆಸ್ತಿಯನ್ನು ಮರೆಯುವಂತಿಲ್ಲ. ಅದು ಮೂರು ಗಾಲಿಯ ಮರದ ಗಾಡಿ. ಕೂಸು ಎದ್ದು ನಿಲ್ಲುವುದನ್ನು ಕಲಿತಾಗ ಹಿಡಿ ಹಿಡಿದುಕೊಂಡು ತಳ್ಳಿಕೊಂಡು ಹೋಗುವುದು. ನಮ್ಮಪ್ಪ ಊರಿನ ಆಚಾರ್ರಿಂದ ನಮ್ಮಣ್ಣನಿಗೆಂದು ಮಾಡಿಸಿದ್ದು. ಕೂಸನ್ನು ನಡುವೆ ಕೂರಿಸಿ ಬಿಡುವ ಪ್ಲಾಸ್ಟಿಕ್ ವಾಕರು ಅಲ್ಲ ಮತ್ತೆ. ಅದನ್ನು ಅಪಾಯವೆಂದು ಕೆನಡಾದವರು 2004ರಲ್ಲೇ ನಿಷೇಧಿಸಿದರು. ನಮ್ಮದರಲ್ಲಿ ಕೂಸು ತನ್ನ ಕಾಲಮೇಲೆ ತಾನೇ ನಿಂತಿರಬೇಕು, ಇಲ್ಲದಿದ್ದರೆ ಗಾಡಿ ಮುಂದೆ, ಕೂಸು ಹಿಂದೆ.

ಈ ಗಾಡಿಗೆ ಕೆಲವು ಕಾನೂನುಗಳಿವೆ, ಯಾರೂ ಬರೆದಿಟ್ಟದ್ದಲ್ಲ. ಅದು ಯಾರದೂ ಅಲ್ಲ. ಯಾರೂ ಅದನ್ನು ವಾಪಸ್ಸು ಕೊಡುವುದಿಲ್ಲ. ಮುಂದಿನ ಮನೆಗೆ ಕೊಡುತ್ತಾರೆ. ಕೊಡುವಾಗ ಗಾಲಿಗೆ ಎಣ್ಣೆ ಬಿಟ್ಟು ಕೊಡಬೇಕು. ಸಡಿಲವಾದ ಕೀಲನ್ನು ತೆಗೆದುಕೊಂಡವರು ಸರಿಮಾಡಿಸಿಕೊಳ್ಳಬೇಕು. ಅಮೃತೂರು, ಗುಬ್ಬಿ, ತುಮಕೂರಿನ ಎಸ್.ಎಸ್. ಪುರ, ಒಂದು ಸಲ ಮೈಸೂರು ಎಂದು ಅದು ತಿರುಗದ ಊರಿಲ್ಲ. ಗಾಲಿಗಳು ಬದಲಾಗಿವೆ, ಅಡ್ಡಪಟ್ಟಿ ಬದಲಾಗಿದೆ. ಹಿಡಿ ಮಾತ್ರ ಹಳೆಯದೇ. ಅದರ ಮೇಲೆ ನಮ್ಮಣ್ಣನಿಂದ ಹಿಡಿದು ಇವತ್ತಿನ ಕೂಸಿನವರೆಗೆ ಎಲ್ಲರ ಹಾಲುಹಲ್ಲಿನ ಗುರುತು. ಅಣ್ಣ ಈಗ ಹಲ್ಲಿನ ಸೆಟ್ಟು ಹಾಕಿಸಿಕೊಂಡಿದ್ದಾನೆ. ಅವನ ಮೊದಲ ಹಲ್ಲು ನೋಡಬೇಕಾದರೆ ಗಾಡಿಯನ್ನೇ ಕೇಳಬೇಕು.

ಇದು ಯಾಕೆ ಉಳಿಯಿತು ಎಂದು ನಾನು ಯೋಚಿಸಿದ್ದುಂಟು. ಮರ ಗಟ್ಟಿ ಎಂದು ಹೇಳಬಹುದು. ಹಾಗಾದರೆ ಅದೇ ಆಚಾರ್ರು ಅದೇ ಮರದಲ್ಲಿ ಮಾಡಿಕೊಟ್ಟ ನನ್ನ ಕುದುರೆ ಎಲ್ಲಿ? ಅದು ನನ್ನೊಬ್ಬನದಾಗಿತ್ತು. ನಾನು ಆಡಿ ಬಿಟ್ಟ ಮೇಲೆ ಮೂಲೆ ಸೇರಿತು, ಮೂಲೆಯಿಂದ ಸೌದೆಮನೆ, ಅಲ್ಲಿಂದ ಬಚ್ಚಲ ಒಲೆ. ಗಾಡಿಗೆ ಮೂಲೆ ಸೇರಲು ಯಾರೂ ಬಿಡುವು ಕೊಡಲಿಲ್ಲ. ನಮ್ಮ ನೆಂಟರ ಪೈಕಿ ಯಾರಾದರೊಬ್ಬರ ಮನೆಯಲ್ಲಿ ಯಾವಾಗಲೂ ಒಂದು ಕೂಸು ಗೋಡೆ ಹಿಡಿದು ಏಳುತ್ತಲೇ ಇರುತ್ತದೆ.

ಈ ಡಿಸೆಂಬರಿಗೆ ನ್ಯೂಜೆರ್ಸಿಯಿಂದ ಬಂದ ವಿನಂತಿಯ ಕೊನೆಗೆ ಒಂದು ಸಾಲು ಹೆಚ್ಚಿತ್ತು. ಚಿಕ್ಕ ಮಗಳು ಎದ್ದು ನಿಲ್ಲುತ್ತಿದ್ದಾಳೆ, ಊರಲ್ಲಿರುವಷ್ಟು ದಿನ ಅವಳಿಗೆ ಗಾಡಿ ತರಿಸಿಡಿ ಚಿಕ್ಕಪ್ಪ, ಬೇರೇನೂ ಬೇಡ. ನಾನು ಹಿಗ್ಗಿ ಅಮೃತೂರಿನ ಅಕ್ಕನ ಮಗಳಿಗೆ ಫೋನು ಮಾಡಿದೆ.

"ಅಯ್ಯೋ, ಆಗಕ್ಕಿಲ್ಲ ಮಾವ" ಅಂದಳು. "ನಮ್ಮ ಮೊಮ್ಮಗ ಈಗ್ತಾನೆ ಹಿಡ್ಕಂಡವ್ನೆ. ಕಿತ್ಕಂಡ್ರೆ ಊರು ಒಂದು ಮಾಡ್ತಾನೆ. ಸಂಕ್ರಾಂತಿ ಗಂಟ ಕೇಳ್ಬೇಡಿ. ಅದಾದ್ಮೇಲೆ ಹುಲಿಯೂರುದುರ್ಗದೋರು ಹೇಳಿಟ್ಟವ್ರೆ, ಅವರ ಸೊಸೆಗೆ ಈಗ ಏಳು ತಿಂಗಳು."

ಹುಟ್ಟದ ಕೂಸಿಗೂ ಸರದಿ ಹಿಡಿದಾಗಿದೆ. ವಿಷಯ ತಿಳಿಸಿದೆ. ಆ ಕಡೆಯಿಂದ ಸ್ವಲ್ಪ ಹೊತ್ತಿಗೆ ಉತ್ತರ ಬಂತು: ಹಾಗಾದರೆ ಆಚಾರ್ರ ಮಗನಿಗೆ ಹೇಳಿ ಅದೇ ಥರದ್ದು ಇನ್ನೊಂದು ಮಾಡಿಸಿಬಿಡಿ ಚಿಕ್ಕಪ್ಪ, ದುಡ್ಡು ಎಷ್ಟಾದರೂ ಪರವಾಗಿಲ್ಲ.

ಹೆಂಡತಿಗೆ ಓದಿ ಹೇಳಿದೆ. ಅವಳು ಮೊರದಿಂದ ಮುಖವೆತ್ತಿ, "ಇನ್ನೊಂದಾ? ಒಂದೇ ಸಾಕು ಅಂತಿದ್ದೋನು ಅವ್ನೇ ಅಲ್ವಾ" ಅಂದಳು. ಆಮೇಲೆ ಸ್ವಲ್ಪ ಯೋಚಿಸಿ, ಮಾಡಿಸುವುದಾದರೆ ಈ ಸಲ ಹಿಡಿಯನ್ನು ಸ್ವಲ್ಪ ದಪ್ಪ ಮಾಡಿಸಿ, ಕಚ್ಚೋಕೆ ಅನುಕೂಲ ಎಂದು ಸೇರಿಸಿದಳು.